ಯಾರೂ ತಮ್ಮದೆನ್ನದ ಚಾಳಿ

ನಮ್ಮೂರಲ್ಲಿ ಹೆಣದ ತಲೆಯ ಕಡೆ ಹೆಗಲು ಕೊಟ್ಟವನಿಗೆ ಸತ್ತವರ ಚಾಳಿಯೊಂದು ಬರುತ್ತದೆ. ಒಂದೇ ಒಂದು. ಒಳ್ಳೆಯದೋ ಕೆಟ್ಟದ್ದೋ, ಆರಿಸಿಕೊಳ್ಳುವ ಹಾಗಿಲ್ಲ. ನಾನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೊದಲು ಹೊತ್ತದ್ದು ಹಿಟ್ಟಿನ ಗಿರಣಿಯ ಪುಟ್ಟಮಾದಪ್ಪನನ್ನು. ಮಾರನೆಯ ಬೆಳಿಗ್ಗೆ ಎದ್ದವನು ಚಪ್ಪಲಿ ಮೆಟ್ಟುವ ಮೊದಲು ಎರಡನ್ನೂ ಒಂದಕ್ಕೊಂದು ಬಡಿದು, ಬಗ್ಗಿ ನೋಡಿ, "ಯಾರಪ್ಪಾ ಒಳಗೆ?" ಎಂದು ಕೇಳಿದೆ. ನನ್ನ ಹೆಂಡತಿ ದೇವೀರಿ ಬಿದ್ದು ಬಿದ್ದು ನಕ್ಕಳು. "ಅಯ್ಯೋ, ಪುಟ್ಟಮಾದಪ್ಪನಿಗೆ ಚಿಕ್ಕೋನಿದ್ದಾಗ ಚೇಳು ಕಡಿದಿತ್ತಂತೆ. ಎಂಟು ದಿನ ನಮ್ಮನೇಲೂ ಚೇಳು ಹುಡುಕ್ತೀರಿ ಇನ್ನು" ಎಂದಳು. ಹಾಗೇ ಆಯಿತು.

ಒಂಬತ್ತನೆಯ ದಿನ ಸತ್ತವರ ಮನೆಯಿಂದ ಊಟಕ್ಕೆ ಕರೆಯುತ್ತಾರೆ. ಸತ್ತವರು ಕೂರುತ್ತಿದ್ದ ಜಾಗದಲ್ಲಿ ನನ್ನನ್ನು ಕೂರಿಸಿ, ಅವರು ಉಣ್ಣುತ್ತಿದ್ದ ತಟ್ಟೆಯಲ್ಲೇ ಬಡಿಸುತ್ತಾರೆ. ಬಾಗಿಲು ತೆರೆದಿರಬೇಕು, ಅಕ್ಕಪಕ್ಕದವರು ಬಂದು ಕೂತಿರಬೇಕು. ಉಣ್ಣುತ್ತಾ ಉಣ್ಣುತ್ತಾ ಚಾಳಿ ತಾನಾಗಿ ಎದ್ದು ಬರುತ್ತದೆ. ಮನೆಯವರು ಅದನ್ನು ಕೊನೆಯ ಸಲ ಕಣ್ತುಂಬ ನೋಡಿ, "ಇದೇ" ಅನ್ನಬೇಕು. ಆಮೇಲೆ ಒಂದು ಲೋಟ ಮಜ್ಜಿಗೆ ಕೊಡುತ್ತಾರೆ. ಕುಡಿದು ಒಂದು ಗುಟುಕು ಉಳಿಸಿ ಲೋಟ ವಾಪಸು ಕೊಟ್ಟರೆ ಚಾಳಿ ನನ್ನನ್ನು ಬಿಟ್ಟಂತೆ. ಉಳಿದ ಗುಟುಕನ್ನು ಮನೆಯವರು ಯಾರಾದರೂ ಕುಡಿದರೆ ಚಾಳಿ ಆ ಮನೆಯಲ್ಲೇ ನಿಲ್ಲುತ್ತದೆ. ಬೇಡವೆಂದರೆ ಅಂಗಳಕ್ಕೆ ಚೆಲ್ಲಿದರಾಯಿತು, ಮಣ್ಣು ಕುಡಿದುಕೊಳ್ಳುತ್ತದೆ. ಪುಟ್ಟಮಾದಪ್ಪನದನ್ನು ಅವನ ಮಗಳು ಕುಡಿದಳು. ಇವತ್ತಿಗೂ ಆ ಹುಡುಗಿ ಚಪ್ಪಲಿ ಬಡಿಯದೆ ಹೊಸಿಲು ದಾಟುವುದಿಲ್ಲ.

ನನಗೂ ನನ್ನದೇ ಒಂದು ಚಾಳಿಯಿತ್ತು. ಊಟದ ಕೊನೆಯ ತುತ್ತನ್ನು ನಾನು ತಿನ್ನುವುದಿಲ್ಲ. ತಟ್ಟೆಯ ಅಂಚಿಗೆ ತಂದು ದೇವೀರಿಯ ಕಡೆ ತಳ್ಳುತ್ತೇನೆ, ಅವಳು ಮಾತಾಡದೆ ತಿನ್ನುತ್ತಾಳೆ. ಮದುವೆಯಾದ ವಾರದಿಂದ ಹದಿನಾಲ್ಕು ವರ್ಷ ಹೀಗೇ ನಡೆದಿತ್ತು. ಅದನ್ನು ಚಾಳಿ ಅನ್ನುತ್ತಾರೆಂದು ನನಗೆ ಹೊಳೆದೇ ಇರಲಿಲ್ಲ.

ಆಮೇಲೆ ದೊಡ್ಡ ಕಾಯಿಲೆ ಬಂತು. ಕೆರೆಯಾಚೆಯ ಊರುಗಳಲ್ಲಿದೆ ಎನ್ನುತ್ತಿದ್ದರು, ವಾರ ಕಳೆಯುವುದರೊಳಗೆ ನಮ್ಮ ಬೀದಿಯಲ್ಲೇ ಕೆಮ್ಮು ಕೇಳಿಸಿತು. ಪುರಸಭೆಯವರು ಬೀದಿಯ ಬಾಯಿಗೆಲ್ಲ ಹಗ್ಗ ಕಟ್ಟಿದರು. ಒಂಬತ್ತನೇ ದಿನದ ಊಟ ಯಾರೂ ಮಾಡಕೂಡದೆಂದು ಸಾರಿದರು. ಹೊರುತ್ತಿದ್ದ ನಾಲ್ವರಲ್ಲಿ ಇಬ್ಬರು ಹೆದರಿ ಮನೆ ಸೇರಿಕೊಂಡರು. ಉಳಿದದ್ದು ನಾನು, ನನಗೆ ಕೆಲಸ ಕಲಿಸಿದ ಹೊನ್ನಗಿರಣ್ಣ. ಚಟ್ಟ ಹೋಗಿ ತಳ್ಳುಗಾಡಿ ಬಂತು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೊಂದು ನಂಬರು ಬರೆದು ಕೊಡುತ್ತಿದ್ದರು. ಮುಖವಿಲ್ಲ, ಹೆಸರಿಲ್ಲ. ಗಾಡಿಯಿಂದ ಇಳಿಸುವಾಗ ತಲೆಯ ಕಡೆ ಹಿಡಿದವನಿಗೆ ಚಾಳಿ ಅಂಟುತ್ತಿತ್ತು. ಇದು ನಿನಗೆ, ಮುಂದಿನದು ನನಗೆ ಎಂದು ಸರದಿ ಮಾಡಿಕೊಂಡೆವು. ಮಜ್ಜಿಗೆ ಕೊಡುವವರು ಯಾರೂ ಇರಲಿಲ್ಲ. ಬಂದ ಚಾಳಿ ಬಂದ ಹಾಗೇ ನಮ್ಮ ಮೈಯಲ್ಲಿ ಕೂತುಬಿಟ್ಟಿತು.

ಮೊದಮೊದಲು ಅದೊಂದು ಕನಸಿನ ಹಾಗಿತ್ತು, ಸುಳ್ಳೇಕೆ ಹೇಳಲಿ. ಕೆಲಸ ಮುಗಿಸಿ ಮಧ್ಯಾಹ್ನದ ಬಿಳಿ ಬಿಸಿಲಲ್ಲಿ ಖಾಲಿ ಬೀದಿಯಲ್ಲಿ ನಡೆದು ಬರುವಾಗ ಒಬ್ಬೊಬ್ಬರಾಗಿ ನನ್ನೊಳಗಿಂದ ಎದ್ದು ಬರುತ್ತಿದ್ದರು. ಹತ್ತು ಹೆಜ್ಜೆ ಕೈ ಬೆನ್ನಿಗೆ ಕಟ್ಟಿ ನಡೆಯುವೆ. ಆಮೇಲೆ ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವೆ. ಹುಣಸೆ ಮರದ ಬುಡಕ್ಕೆ ಬಂದರೆ ಅದನ್ನು ತಟ್ಟಿ "ಹೇಗಿದ್ದೀ?" ಅನ್ನುವೆ. ಮುಚ್ಚಿದ ಮನೆಗಳ ಕಿಟಕಿಗಳಲ್ಲಿ ಮುಖಗಳು ಮೂಡುತ್ತಿದ್ದವು. ಒಂದು ಕಿಟಕಿಯಿಂದ ಯಾರೋ ಅತ್ತರು. ಇನ್ನೊಂದರಿಂದ ಪುಟ್ಟ ಮಗುವೊಂದು "ಅಜ್ಜಿ" ಎಂದು ಕೂಗಿತು, ನಾನು ಹೌದೋ ಅಲ್ಲವೋ ಗೊತ್ತಿಲ್ಲದೆ ಕೈಬೀಸಿದೆ. ಬಡಗಿ ಬೀದಿಯ ಹೆಂಗಸೊಬ್ಬಳು ಮಾಳಿಗೆಯಿಂದ ಬಗ್ಗಿ, "ಅಣ್ಣಾ, ನಾಳೆನೂ ಇದೇ ಹೊತ್ತಿಗೆ ಈ ಕಡೆ ಬತ್ತೀರಾ?" ಎಂದು ಕೇಳಿದಳು. ಬರುತ್ತೇನೆ ಎಂದೆ. ಇಪ್ಪತ್ತು ದಿನ ಹೋದೆ.

ಆದರೆ ಮೂವತ್ತು ಜನರನ್ನು ಹೊತ್ತುಕೊಂಡು ಎಷ್ಟು ದಿನ ತಿರುಗುವುದು? ಬೆಳಿಗ್ಗೆ ಎದ್ದರೆ ಮುಖ ತೊಳೆಯಲು ಒಂದು ಗಂಟೆ ಬೇಕಾಯಿತು. ಮೂರು ಬಗೆಯಲ್ಲಿ ತೊಳೆಯಬೇಕಿತ್ತಲ್ಲ. ಹೊನ್ನಗಿರಣ್ಣ ನನಗಿಂತ ಕಂಗಾಲಾಗಿದ್ದ. ಬಿಡುವಾದರೆ ಕೆರೆಯ ಕಲ್ಲಿನ ಮೇಲೆ ಕೂತು ಎರಡೂ ಕೈಯನ್ನು ತೊಡೆಯ ಕೆಳಗೆ ತುರುಕಿಕೊಂಡುಬಿಡುತ್ತಿದ್ದ. "ಆಚೆ ಬಿಟ್ರೆ ಅವರವರ ಕೆಲಸ ಶುರು ಮಾಡ್ತವೆ ಕಣೋ ಬೋರಲಿಂಗ. ಇಲ್ಲೇ ಇರ್ಲಿ" ಅನ್ನುತ್ತಿದ್ದ. ಪುರಸಭೆಯವರು ನಮ್ಮ ಮನಸ್ಸು ವಿಚಾರಿಸಲೆಂದು ಫೋನಿನಲ್ಲಿ ಒಬ್ಬ ಹುಡುಗಿಯನ್ನು ಗೊತ್ತು ಮಾಡಿದ್ದರು. ಒಳ್ಳೆಯ ದನಿ ಪಾಪ. "ನಿದ್ದೆ ಬರುತ್ತಾ ಸರ್?" ಎಂದು ಕೇಳಿದಳು. "ಬರುತ್ತಮ್ಮ, ಯಾರದು ಅಂತ ಗೊತ್ತಾಗಲ್ಲ" ಎಂದೆ. ಅವಳು ನಿಧಾನವಾಗಿ ಉಸಿರೆಳೆದುಕೊಳ್ಳಿ ಎಂದಳು. ಎಳೆದುಕೊಂಡೆ. ಅದೂ ಯಾರದೋ ಉಸಿರು, ನಡುನಡುವೆ ತಡೆದು ತಡೆದು ಬಂತು.

ಇಷ್ಟನ್ನೂ ಹೇಗೋ ಸಹಿಸಬಹುದಿತ್ತು. ಸಹಿಸಲಾಗದ್ದು ಒಂದೇ ಒಂದು ಬಂತು. ಅವತ್ತು ದೇವೀರಿ ಮುದ್ದೆ, ಬಸ್ಸಾರು ಮಾಡಿದ್ದಳು. ನಾಲ್ಕು ತುತ್ತು ಉಂಡಿದ್ದೆನೋ ಇಲ್ಲವೋ, ನನ್ನ ಕೈ ತಟ್ಟೆಯನ್ನು ರಪ್ಪೆಂದು ನೂಕಿತು. "ಇದೂ ಒಂದು ಅಡಿಗೇನಾ" ಎಂದಿತು ನನ್ನ ಬಾಯಿ. ತಟ್ಟೆ ಗೋಡೆಗೆ ಬಡಿಯಿತು, ಸಾರು ಹರಿದು ಅವಳ ಕಾಲಿಗೆ ತಾಗಿತು. ದೇವೀರಿ ನನ್ನ ಮುಖವನ್ನೇ ನೋಡಿದಳು. ಹದಿನಾಲ್ಕು ವರ್ಷದಲ್ಲಿ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ಆಮೇಲೆ, "ಯಾವನದೋ ಏನೋ, ಬಿಡಿ" ಎಂದು ನೆಲ ಒರೆಸಿದಳು. ನಾಚಿಕೆಯಿಂದ ನನಗೆ ಸತ್ತುಹೋಗುವ ಹಾಗಾಯಿತು. ಎರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಮತ್ತೆ. ಅವಳು ತಟ್ಟೆ ಇಟ್ಟು ದೂರ ಸರಿದು ನಿಲ್ಲುವುದನ್ನು ಕಲಿತಳು. ಕೆಲವು ದಿನ ಕೊನೆಯ ತುತ್ತಿನವರೆಗೂ ತಟ್ಟೆ ನೆಟ್ಟಗಿದ್ದು, ನಾನು ಆ ತುತ್ತನ್ನು ತಳ್ಳುವೆ. ಅವಳು ಮುಂದೆ ಬಂದು ತಿನ್ನುವಾಗಲೂ ಒಂದು ಕಣ್ಣು ನನ್ನ ಕೈ ಮೇಲೇ ಇರುತ್ತಿತ್ತು.

ಕಾಯಿಲೆ ಇಳಿಯಿತು. ಹಗ್ಗ ಬಿಚ್ಚಿದರು. ನಿಂತುಹೋಗಿದ್ದ ಒಂಬತ್ತನೇ ದಿನದ ಊಟಗಳನ್ನು ಈಗ ಮಾಡಬಹುದೆಂದರು. ನನ್ನ ಪಾಲಿಗೆ ಬಂದದ್ದು ಮೂವತ್ತೊಂದು ಮನೆ. ಪುರಸಭೆಯ ಪಟ್ಟಿಯಲ್ಲಿ ಮನೆಗಳ ಹೆಸರಿದ್ದವು, ಯಾವ ಚಾಳಿ ಯಾವ ಮನೆಯದೆಂದು ಬರೆದುಕೊಳ್ಳಲು ಯಾರಿಗೆ ಪುರಸೊತ್ತಿತ್ತು? ಹಾಗಾಗಿ ಪ್ರತಿ ಮನೆಯಲ್ಲೂ ಕೂತು, ಎದ್ದು ಬಂದದ್ದನ್ನೆಲ್ಲ ಒಂದೊಂದಾಗಿ ತೋರಿಸಿದೆ. ಮನೆಯವರು ಅಲ್ಲ, ಅಲ್ಲ ಎನ್ನುತ್ತಾ ಇದ್ದು, ತಟ್ಟನೆ ಒಂದಕ್ಕೆ "ಇದೇ, ಇದೇ" ಅನ್ನುತ್ತಿದ್ದರು. ಬಡಗಿ ಬೀದಿಯವಳಿಗೆ ಅವಳ ತಾಯಿಯ ಸೆರಗು ಸಿಕ್ಕಿಸುವ ಚಾಳಿ ಸಿಕ್ಕಿತು. ಉಳಿದ ಗುಟುಕನ್ನು ತಕ್ಷಣ ಕುಡಿದುಬಿಟ್ಟಳು. ಪ್ರತಿ ಮನೆಯಿಂದಲೂ ಒಂದೊಂದು ಮೂಟೆ ಇಳಿಸಿದವನಂತೆ ಹಗುರಾಗಿ ಬರುತ್ತಿದ್ದೆ. ತಟ್ಟೆ ನೂಕುವ ಚಾಳಿಯೂ ಐದಾರು ಮನೆಗಳಲ್ಲಿ ಎದ್ದಿತು. ಎಲ್ಲರೂ ಗಾಬರಿಯಿಂದ ತಲೆಯಾಡಿಸಿದರು. "ಛೆ ಛೆ, ನಮ್ಮೋರು ಅಂಥೋರಲ್ಲ" ಎಂದರು.

ಹೊನ್ನಗಿರಣ್ಣ ಮಾತ್ರ ಯಾವ ಮನೆಗೂ ಹೋಗಲಿಲ್ಲ. ಹೋಗೋಣ ಬಾ ಎಂದು ನಾನು ಕೆರೆಯ ಬಳಿ ಹೋಗಿ ಕರೆದೆ. "ಎಲ್ಲಾ ಕೊಟ್ಟಾದ್ಮೇಲೆ ಒಳಗೆ ಏನೂ ಉಳೀಲಿಲ್ಲ ಅಂದ್ರೆ?" ಎಂದು ಕೇಳಿದ. ನನಗೂ ಅದೇ ಭಯವಿತ್ತು, ಇನ್ನೂ ಕೆಟ್ಟ ರೀತಿಯದು. ಎಲ್ಲ ಕೊಟ್ಟಾದ ಮೇಲೆ ತಟ್ಟೆ ನೂಕುವುದೊಂದೇ ಉಳಿದರೆ? ಹಾಗಾದರೆ ಅದು ಸತ್ತ ಯಾರದೂ ಅಲ್ಲ, ನನ್ನದೇ. ಅಷ್ಟು ಸಾವು ನೋಡಿ ನೋಡಿ ನಾನೇ ಅಂಥವನಾಗಿಬಿಟ್ಟಿದ್ದೇನೆ ಎಂದಾಗುತ್ತದಲ್ಲ.

ಮೂವತ್ತು ಮನೆ ಮುಗಿದವು. ಉಳಿದದ್ದು ವೃಷಭೇಂದ್ರಯ್ಯನವರ ಮನೆ. ಊರಿನ ಛತ್ರದಲ್ಲಿ ದಿನಾ ಇನ್ನೂರು ಜನಕ್ಕೆ ಅನ್ನ ಹಾಕುತ್ತಿದ್ದ ಧರ್ಮಾತ್ಮರು ಅವರು. ತಾವೇ ಸೌಟು ಹಿಡಿದು, "ಇನ್ನೊಂಚೂರು ಹಾಕಿಸ್ಕೊಳ್ಳಿ, ಸಂಕೋಚ ಬೇಡ" ಎಂದು ಪಂಕ್ತಿಯುದ್ದಕ್ಕೂ ಓಡಾಡುತ್ತಿದ್ದರು. ನಾನೂ ಎಷ್ಟೋ ಸಲ ಅವರ ಕೈಯಲ್ಲಿ ಉಂಡಿದ್ದೇನೆ.

"ಉಳ್ದಿರೋದು ಆ ತಟ್ಟೆ ಒಂದೇ. ಅವರದ್ದೇ ಅದು" ಎಂದಳು ದೇವೀರಿ.

"ಬಾಯಿ ಮುಚ್ಕೊಳೇ. ದೇವರಂಥ ಮನುಷ್ಯ."

"ದೇವರು ಮನೇಲಿ ಹೆಂಗಿರ್ತಾನೆ ಅಂತ ಯಾರ್ ನೋಡವ್ರೆ?"

ವೃಷಭೇಂದ್ರಯ್ಯನವರ ಮನೆಯಲ್ಲಿ ಅವತ್ತು ಕಾಲಿಡಲು ಜಾಗವಿರಲಿಲ್ಲ. ಅರ್ಧ ಬೀದಿ ಬಂದು ಕೂತಿತ್ತು. ಪಕ್ಕದ ಮನೆಯ ಪಟೇಲ್ ಚಂದ್ರಪ್ಪನವರು ಮುಂದೆಯೇ ಕೂತು, ಸತ್ತವರ ದಾನಧರ್ಮ ಹೊಗಳುತ್ತಿದ್ದರು. ವೃಷಭೇಂದ್ರಯ್ಯನವರ ಹೆಂಡತಿ ನಂಜಾಂಬಮ್ಮ ತಲೆಯ ಮೇಲೆ ಸೆರಗು ಹೊದ್ದು, ಮಾತಿಲ್ಲದೆ ಬಡಿಸಿದರು. ಮೂರು ತುತ್ತು ಉಂಡೆ. ಕೈ ಎದ್ದಿತು. ತಟ್ಟೆ ಹೋಗಿ ಕಂಬಕ್ಕೆ ಬಡಿಯಿತು. "ಇದೂ ಒಂದು ಅಡಿಗೇನಾ." ನಂಜಾಂಬಮ್ಮನ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. ಅವರು ಎಲ್ಲರನ್ನೂ ಒಮ್ಮೆ ನೋಡಿ, "ಇದಲ್ಲ. ನಮ್ಮನೆಯವರದ್ದಲ್ಲ ಇದು" ಎಂದರು. ತಟ್ಟೆ ತೊಳೆದು ಮತ್ತೆ ಬಡಿಸಿದರು. ನಾನು ತಲೆ ತಗ್ಗಿಸಿ ಉಂಡೆ. ಅಂಥ ಮಾತಾಡಿಬಿಟ್ಟೆನಲ್ಲ ಎಂಬ ಸಂಕಟಕ್ಕೋ ಏನೋ, ಕೊನೆಯ ತುತ್ತನ್ನು ಅಂಚಿಗೆ ತಂದು ಅವರ ಕಡೆ ತಳ್ಳಿದೆ. ಅವರು ಆ ತುತ್ತನ್ನು ಬಹಳ ಹೊತ್ತು ನೋಡಿದರು.

"ಇದೇ" ಎಂದರು.

"ಹೌದೌದು, ಅವರದ್ದೇ. ಅನ್ನದಾನಿಯ ಚಾಳಿ ಇನ್ನೇನಿರುತ್ತೆ?" ಎಂದು ಚಂದ್ರಪ್ಪನವರು ದನಿಗೂಡಿಸಿದರು. ಮಜ್ಜಿಗೆ ಬಂತು. ಅಲ್ಲಮ್ಮಾ, ಅದು ನನ್ನದು ಎಂದು ನಾನು ಆಗಲೇ ಹೇಳಬೇಕಿತ್ತು. ಅರ್ಧ ಬೀದಿಯ ಎದುರು, ಒಬ್ಬ ವಿಧವೆಗೆ, ನೀವು ಹೇಳುತ್ತಿರುವುದು ಸುಳ್ಳು ಎನ್ನುವ ಧೈರ್ಯ ಬರಲಿಲ್ಲ. ಕುಡಿದೆ. ಗುಟುಕು ಉಳಿಸಿದೆ. ನಂಜಾಂಬಮ್ಮ ಅದನ್ನು ಕಣ್ಣು ಮುಚ್ಚಿ ಕುಡಿದರು.

ಮನೆಗೆ ಬಂದು ಸಂಜೆ ಊಟಕ್ಕೆ ಕೂತೆ. ತಟ್ಟೆ ಬಳಿದು ಬಳಿದು ತಿಂದೆ. ದೇವೀರಿ ಎದುರು ಕೂತು ಕಾಯುತ್ತಿದ್ದಳು. "ತುತ್ತು ಎಲ್ಲಿ?" ಎಂದಳು. ತಟ್ಟೆ ನೋಡಿದೆ, ಏನೂ ಇರಲಿಲ್ಲ. ಅವಳಿಗೆಂದು ಏನೋ ಉಳಿಸುತ್ತಿದ್ದೆ ಎಂಬುದು ನನಗೆ ನೆನಪಿತ್ತು. ಆದರೆ ಯಾಕೆ ಉಳಿಸುತ್ತಿದ್ದೆ, ಉಳಿಸುವಾಗ ಹೇಗನ್ನಿಸುತ್ತಿತ್ತು, ಅದೆಲ್ಲ ಬೇರೆ ಯಾರೋ ಹೇಳಿದ ಕತೆಯಂತಿತ್ತು. ನಡೆದದ್ದನ್ನೆಲ್ಲ ಹೇಳಿದೆ. ಹೇಳುತ್ತಾ ಅತ್ತೆ. "ಕೊನೇ ಮನೆನೂ ಬೇಡ ಅಂತು ದೇವೀರಿ. ತಟ್ಟೆ ನೂಕೋದು ನಂದೇ. ನಾನೇ ಅಂಥವನಾಗ್ಬಿಟ್ಟೆ" ಎಂದೆ.

"ಹದಿನಾಲ್ಕು ವರ್ಷ ನನ್ನ ಕೈಯಲ್ಲಿ ಉಂಡಿರೋದು ನೀವು. ನಿಮ್ಮದು ಯಾವುದು, ಕಂಡೋರದು ಯಾವುದು ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತಾ? ಮನೆಗೆ ಮಾರಿ ಊರಿಗೆ ಉಪಕಾರಿ ಅಂತ ಸುಮ್ನೆ ಅಂದಿಲ್ಲ ದೊಡ್ಡೋರು. ನಾಳೆ ನಾನೂ ಬತ್ತೀನಿ ನಡೀರಿ" ಎಂದಳು ದೇವೀರಿ.

ಮರುದಿನ ಮಧ್ಯಾಹ್ನ ಹೋದೆವು. ನಂಜಾಂಬಮ್ಮ ಅಡಿಗೆಮನೆಯಲ್ಲಿ ಒಬ್ಬರೇ ಕೂತು ಉಣ್ಣುತ್ತಿದ್ದರು. ನಾವು ಬಾಗಿಲಲ್ಲಿ ನಿಂತದ್ದು ಅವರಿಗೆ ಗೊತ್ತಾಗಲಿಲ್ಲ. ಕೊನೆಯ ತುತ್ತು ಅಂಚಿಗೆ ತಂದರು, ಎದುರಿಗೆ ತಳ್ಳಿದರು. ಎದುರಿಗೆ ಬರೀ ಗೋಡೆ. ಸ್ವಲ್ಪ ಹೊತ್ತು ಕಾದರು. ಅದನ್ನು ನೋಡಿ ದೇವೀರಿಯ ಸಿಟ್ಟು ಅರ್ಧ ಇಳಿದುಹೋಯಿತು, ನನಗದು ಗೊತ್ತಾಯಿತು. ಆದರೂ ಅವಳು ಕೇಳದೆ ಬಿಡುವವಳಲ್ಲ.

"ಅಮ್ಮಾವ್ರೇ, ಆ ತುತ್ತು ನಮ್ಮನೇದು" ಎಂದಳು.

ನಂಜಾಂಬಮ್ಮ ಬೆಚ್ಚಲಿಲ್ಲ. "ಗೊತ್ತು ಕಣಮ್ಮ. ಬಾ, ಕೂತ್ಕೋ" ಎಂದರು. ಕೈ ತೊಳೆದು ಬಂದು, ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ಹೇಳಿದರು. "ಇಪ್ಪತ್ತೊಂಬತ್ತು ವರ್ಷ ಆ ನೆಲ ಒರೆಸಿದೀನಿ ನಾನು. ನಿನ್ನೆ ಇವರು ತಟ್ಟೆ ನೂಕಿದಾಗ ಅವರೇ ಎದ್ದು ಬಂದ್ರು ಅನ್ನಿಸ್ತು. ಬೀದಿಯೋರೆಲ್ಲ ಕೂತಿದ್ರು, ಹೆಂಗೆ ಹೇಳ್ಲಿ? ಆಮೇಲೆ ಇವರು ಆ ತುತ್ತು ನನ್ನ ಕಡೆ ತಳ್ಳಿದ್ರಲ್ಲ. ಜೀವಮಾನದಲ್ಲಿ ಒಂದೇ ಒಂದು ಸಲ ಹಿಂಗೆ ಮಾಡಿದ್ರೆ ಸಾಕಾಗಿತ್ತಲ್ಲ ಅಂತ ಎಷ್ಟು ಸಲ ಅಂದ್ಕೊಂಡಿದ್ನೋ. ಬಾಯಿಗೆ 'ಇದೇ' ಅಂತ ಬಂದ್ಬಿಡ್ತು. ಕದ್ದೆ. ವಾಪಸ್ ಕೊಡ್ತೀನಿ, ಏನು ಮಾಡ್ಬೇಕು ಹೇಳು."

ದೇವೀರಿ ಉಗುರು ಕಚ್ಚುತ್ತಾ ಯೋಚಿಸಿದಳು. ನಾನು ಬೇಕು ಎಂದು ಬಾಯಿ ತೆರೆದಿದ್ದೆ. ಅವಳು ನನ್ನ ಮಂಡಿಯ ಮೇಲೆ ಕೈಯಿಟ್ಟು ಸುಮ್ಮನಾಗಿಸಿದಳು. "ತುತ್ತು ನೀವೇ ಇಟ್ಕೊಳ್ಳಿ ಅಮ್ಮಾವ್ರೇ. ಇವರಿಗೆ ನಾನು ಕಲಿಸ್ಕೋತೀನಿ. ಒಂದು ಸಲ ಕಲ್ತೋರು ಇನ್ನೊಂದು ಸಲ ಕಲೀಲಾರರಾ? ಆದ್ರೆ ಆ ತಟ್ಟೆ ನಿಮ್ಮನೇದು. ಅದನ್ನ ನಿಮ್ಮದು ಅನ್ನಿ. ಇಲ್ದಿದ್ರೆ ಈ ಮನುಷ್ಯ ತನ್ನದೇ ಅಂದ್ಕೊಂಡು ಸತ್ತೋಗ್ತಾನೆ."

ಬರುವ ಸೋಮವಾರ ಛತ್ರದಲ್ಲಿ ವೃಷಭೇಂದ್ರಯ್ಯನವರ ದೊಡ್ಡ ಫೋಟೋ ಇಡುವವರಿದ್ದರು, ಊರಿಗೆಲ್ಲ ಗೊತ್ತಿತ್ತು. 'ಇದೇ' ಎನ್ನುವುದಾದರೆ ಬಾಗಿಲು ತೆಗೆದು, ಜನರ ಎದುರೇ ಅನ್ನಬೇಕು. ನಂಜಾಂಬಮ್ಮ ಬಹಳ ಹೊತ್ತು ಗೋಡೆ ನೋಡುತ್ತಾ ಕೂತರು. ಆಮೇಲೆ ಎದ್ದು ಒಲೆ ಹಚ್ಚಿದರು. ಅನ್ನಕ್ಕಿಟ್ಟು, ಬೇಳೆ ಬೇಯಿಸಿ ಸಾರು ಮಾಡಿದರು. ದೇವೀರಿ ತೆಂಗಿನಕಾಯಿ ತುರಿದುಕೊಟ್ಟಳು. ಅಡಿಗೆ ಆದ ಮೇಲೆ ನಂಜಾಂಬಮ್ಮ ಬೀದಿ ಬಾಗಿಲಿನ ಎರಡೂ ಕದ ತೆರೆದು, ಹೊಸಿಲಲ್ಲಿ ನಿಂತು, "ಚಂದ್ರಪ್ಪನೋರೇ, ಬನ್ನಿ. ಎಲ್ಲಾರೂ ಬನ್ನಿ. ನಿನ್ನೆ ಊಟ ಪೂರ್ತಿ ಆಗ್ಲಿಲ್ಲ" ಎಂದು ಕರೆದರು.

ಜನ ಬಂದರು, ಏನೆಂದು ತಿಳಿಯದೆ ಗೋಡೆಗೊರಗಿ ಕೂತರು. ನಾನು ಅದೇ ಜಾಗದಲ್ಲಿ, ಅದೇ ತಟ್ಟೆಯ ಮುಂದೆ ಕೂತೆ. ಸಾರಿನ ಘಮ ಮೂಗಿಗೆ ಬಂತು. ಆ ಹೆಂಗಸಿನ ಎದುರು ಇನ್ನೊಂದು ಸಲ ಹಾಗೆ ಮಾಡಬೇಕಲ್ಲ. ಕೈಯನ್ನು ತೊಡೆಯ ಕೆಳಗೆ ತುರುಕಿಬಿಡಲೇ ಎನ್ನಿಸಿತು. ದೇವೀರಿ ದೂರದಿಂದ ಬೇಡ ಎಂಬಂತೆ ತಲೆಯಾಡಿಸಿದಳು. ಉಂಡೆ. ಒಂದು, ಎರಡು, ಮೂರು ತುತ್ತು. ಬಂತು. ತಟ್ಟೆ ಹಾರಿತು, ಮಾತು ಹೊರಬಿತ್ತು, ಸಾರು ನೆಲದ ಮೇಲೆಲ್ಲ ಹರಿಯಿತು.

ನಂಜಾಂಬಮ್ಮನ ಕೈ ತಾನಾಗಿ ಒರೆಸುವ ಬಟ್ಟೆ ಎತ್ತಿಕೊಂಡಿತು. ಬಗ್ಗಿದರು. ಅರ್ಧ ಬಗ್ಗಿದವರು ಅಲ್ಲೇ ನಿಂತರು. ನಿಧಾನವಾಗಿ ನೆಟ್ಟಗಾದರು.

"ಇದೇ" ಎಂದರು. ಎಲ್ಲರಿಗೂ ಕೇಳುವಂತೆ ಇನ್ನೊಂದು ಸಲ, "ಇದೇ ನಮ್ಮನೆಯವರದು."

ಯಾರೂ ಹೌದೌದು ಅನ್ನಲಿಲ್ಲ. ಚಂದ್ರಪ್ಪನವರು ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಎದ್ದು, ನಂಜಾಂಬಮ್ಮನ ಕೈಯಿಂದ ಬಟ್ಟೆ ತೆಗೆದುಕೊಂಡು, ಪಂಚೆ ಎತ್ತಿ ಕಟ್ಟಿ, ಕುಕ್ಕರಗಾಲಲ್ಲಿ ಕೂತು ನೆಲ ಒರೆಸತೊಡಗಿದರು. ಒರೆಸಲು ಬಾರದು, ಪಾಪ, ಸಾರನ್ನು ಆ ಕಡೆಯಿಂದ ಈ ಕಡೆಗೆ ಮಾಡುತ್ತಿದ್ದರು.

ಮಜ್ಜಿಗೆ ಬಂತು. ಕುಡಿದೆ. ಕುಡಿಯುತ್ತಿದ್ದಂತೆ ಬಲಗೈ ಸಡಿಲಾಯಿತು. ಎಷ್ಟೋ ತಿಂಗಳಿಂದ ಬಿಗಿದುಕೊಂಡೇ ಇದ್ದ ಕೈ ಅದೆಂದು ಆಗ ಗೊತ್ತಾಯಿತು. ಗುಟುಕು ಉಳಿಸಿ ಲೋಟ ಕೊಟ್ಟೆ. ನಂಜಾಂಬಮ್ಮ ಅದನ್ನು ಹಿಡಿದು ಅಂಗಳಕ್ಕೆ ಇಳಿದರು. ಚೆಲ್ಲಲಿಲ್ಲ. ಲೋಟದೊಳಗೆ ನೋಡುತ್ತಾ ನಿಂತರು, ಅಲ್ಲಿ ಯಾರೋ ಇದ್ದಾರೆ ಎಂಬಂತೆ.

"ಸಾರು ಚೆನ್ನಾಗೇ ಇತ್ತು ಕಣ್ರೀ. ಯಾವತ್ತೂ ಚೆನ್ನಾಗೇ ಇತ್ತು" ಎಂದರು.

ಉತ್ತರಕ್ಕೆ ಕಾಯುವಷ್ಟು ಹೊತ್ತು ಕಾದರು. ಆಮೇಲೆ ಲೋಟ ಬಗ್ಗಿಸಿದರು.